ಮೊದಲು ನಂಬುವವರು ಯಾರು?

ಸರಕು ಮೊದಲೋ ದುಡ್ಡು ಮೊದಲೋ ಎಂಬುದು ಮೇಲ್ನೋಟಕ್ಕೆ ವ್ಯಾಪಾರದ ಪ್ರಶ್ನೆ. ತುಮಕೂರಿನ ಕುಣಿಗಲ್ ರಸ್ತೆಗೆ ಸೇರುವ ಬೀದಿಯೊಂದರಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಬದುಕುತ್ತಿರುವ ನನಗೆ ಅದು ಧರ್ಮದ ಪ್ರಶ್ನೆಯಾಗಿ ಕಾಣತೊಡಗಿ ಬಹಳ ಕಾಲವಾಯಿತು. ಒಂದು ಕೇಜಿ ಅಕ್ಕಿ ಒಬ್ಬರ ಕೈಯಿಂದ ಇನ್ನೊಬ್ಬರ ಚೀಲಕ್ಕೆ ಹೋಗಬೇಕಾದರೆ ಇಬ್ಬರಲ್ಲಿ ಒಬ್ಬರು ಮೊದಲು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟವರು ಅಷ್ಟು ಹೊತ್ತು ಇನ್ನೊಬ್ಬರನ್ನು ನಂಬಿದ ಹಾಗೆ. ಆ ಮೊದಲ ನಂಬಿಕೆ ಯಾರ ಕರ್ತವ್ಯ? ಇರುವವರದೋ, ಇಲ್ಲದವರದೋ?

ಈಗ ಈ ಪ್ರಶ್ನೆಯನ್ನು ಮತ್ತೆ ಕೆದಕಿದ್ದು ನನ್ನ ಮಗನ ಜೇಬಿನಲ್ಲಿರುವ ಒಂದು ಕಾರ್ಡು. ಅವನು ಬೆಳಗಿನ ರೈಲಿಗೆ ಯಶವಂತಪುರಕ್ಕೆ ಹೋಗಿ ಅಲ್ಲಿಂದ ಮೆಟ್ರೊ ಹತ್ತುತ್ತಾನೆ. ಹಾಗೆ ದಿನಾ ಹೋಗಿಬರುವವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾರ್ಡಿನ ಹೆಸರು ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್. 2019ರ ಮಾರ್ಚ್ 4ರಂದು ಪ್ರಧಾನಿ ಅಹಮದಾಬಾದಿನಲ್ಲಿ ಅದನ್ನು ಬಿಡುಗಡೆ ಮಾಡಿದರು. ನಮ್ಮ ಮೆಟ್ರೊ 2023ರಿಂದ ಅದನ್ನು ಒಪ್ಪಿಕೊಳ್ಳುತ್ತಿದೆ. ಮೊದಲೇ ದುಡ್ಡು ತುಂಬಿಸಿಟ್ಟುಕೊಂಡು, ಗೇಟಿನ ಮುಂದೆ ತೋರಿಸಿದರೆ ಸಾಕು. ಪಿನ್ ಒತ್ತುವುದಿಲ್ಲ, ನೆಟ್‌ವರ್ಕ್ ಹುಡುಕುವುದಿಲ್ಲ, ಚಿಲ್ಲರೆಗೆ ತಡಕಾಡುವುದಿಲ್ಲ. ಬಸ್ಸು, ಪಾರ್ಕಿಂಗು, ಅಂಗಡಿ ಎಲ್ಲಕ್ಕೂ ಒಂದೇ ಕಾರ್ಡು ಆಗಲಿ ಎಂದೇ ಅದನ್ನು ಮಾಡಿದ್ದು.

"ಅಮ್ಮ, ಇದನ್ನ ನಮ್ಮ ಅಂಗಡೀಲೂ ತಗೊಳ್ಳೋ ಹಂಗೆ ಒಂದು ಮಷಿನ್ ತರಿಸೋಣ. ಸಾಲದ ಬುಕ್ಕಿನ ತಲೆನೋವೇ ಇರಲ್ಲ" ಎಂದ.

ನಮ್ಮ ಬೀದಿಯಲ್ಲಿ ಅಂಥ ಮಷಿನ್ ಇನ್ನೂ ಯಾರ ಅಂಗಡಿಯಲ್ಲೂ ಇಲ್ಲ. ಕ್ಯೂಆರ್ ಹಾಳೆ ಇದೆ, ದುಡ್ಡು ಬಂತೆಂದು ಕೂಗಿ ಹೇಳುವ ಸೌಂಡ್ ಬಾಕ್ಸ್ ಇದೆ. ಆದರೆ ಮುಂಗಡ ತುಂಬಿಸಿಟ್ಟು ಖರ್ಚು ಮಾಡುವ ಪದ್ಧತಿ ಬೇರೆ ದಾರಿಯಿಂದ ಆಗಲೇ ಒಳಗೆ ಬಂದಿದೆ. 2022ರ ಸೆಪ್ಟೆಂಬರಿನಲ್ಲಿ ಬಂದ ಯುಪಿಐ ಲೈಟ್ ಅದೇ ಕೆಲಸ ಮಾಡುತ್ತದೆ. ಬ್ಯಾಂಕಿನಿಂದ ಸ್ವಲ್ಪ ದುಡ್ಡನ್ನು ಫೋನಿನ ಪುಟ್ಟ ಖಾತೆಗೆ ಎತ್ತಿಟ್ಟುಕೊಂಡರೆ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದಿಲ್ಲ. ಕಾಲೇಜು ಹುಡುಗರು ಬಿಸ್ಕತ್ತಿಗೂ ಹಾಲಿನ ಪೊಟ್ಟಣಕ್ಕೂ ಹೀಗೇ ಕೊಡುತ್ತಾರೆ. ಅನುಕೂಲದ ಬಗ್ಗೆ ನನಗೆ ತಕರಾರಿಲ್ಲ. ಬೆಳಗಿನ ಏಳು ಗಂಟೆಗೆ ಎರಡು ರೂಪಾಯಿ ಚಿಲ್ಲರೆ ಇಲ್ಲದೆ ಗಿರಾಕಿಯ ಕೈಗೆ ಚಾಕೊಲೇಟ್ ಇಟ್ಟು ಕಳಿಸುವುದು ನನಗೂ ಬೇಡವಾಗಿತ್ತು. ನನ್ನ ಮನಸ್ಸು ಸಿಕ್ಕಿಕೊಂಡದ್ದು ಮಗನ ಎರಡನೆಯ ಮಾತಿನಲ್ಲಿ.

ಸಾಲದ ಬುಕ್ಕು ಅಂದರೆ ಏನೆಂದು ನಾನು ಕಲಿತದ್ದು ಗುಬ್ಬಿಯಲ್ಲಿ, ಅಪ್ಪನ ಅಂಗಡಿಯಲ್ಲಿ. ಗುಬ್ಬಿ ಸೀಮೆ ತೆಂಗು ಅಡಕೆಯ ಸೀಮೆ. ತೋಟದವರ ಕೈಗೆ ದುಡ್ಡು ಬರುವುದು ಅಡಕೆ ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದ ಮೇಲೆ. ಹೊಟ್ಟೆಗೆ ಮಾತ್ರ ವರ್ಷವೆಲ್ಲಾ ಬೇಕು. ಹಾಗಾಗಿ ಎಣ್ಣೆ, ಬೆಲ್ಲ, ಬೇಳೆ, ಸೋಪು ಎಲ್ಲವೂ ಬುಕ್ಕಿಗೆ. "ಬರ್ಕಳಿ ಶೆಟ್ರೇ" ಎಂದು ಬೇರೆ ಅಂಗಡಿಗಳಲ್ಲಿ ಹೇಳುವ ಹಾಗೆ ನಮ್ಮಲ್ಲಿ "ಬರ್ಕಳಿ ಅಯ್ನೋರೆ" ಎನ್ನುತ್ತಿದ್ದರು. ಅಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರಿಗೂ ತುಮಕೂರಿನ ಮಂಡಿಪೇಟೆಯಲ್ಲಿ ಸಗಟು ವ್ಯಾಪಾರಿಗಳು ಸಾಲ ಕೊಡುತ್ತಿದ್ದರು. ಮಂಡಿಪೇಟೆಯವರು ಅಪ್ಪನನ್ನು ನಂಬಿ, ಅಪ್ಪ ತೋಟದವರನ್ನು ನಂಬಿ, ತೋಟದವರು ಮಳೆಯನ್ನು ನಂಬಿ ಒಂದು ವರ್ಷ ದಾಟುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಪುಸ್ತಕ ಇಟ್ಟು, ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ ಶ್ರೀ ಬರೆಯುತ್ತಿದ್ದರು. ಹಳೆಯ ಪುಸ್ತಕದಲ್ಲಿ ತೀರಿಹೋದವರ ಪುಟಗಳಿರುತ್ತಿದ್ದವು. ಮಕ್ಕಳು ತೀರಿಸುವ ಸ್ಥಿತಿಯಲ್ಲಿಲ್ಲದಿದ್ದರೆ ಅಪ್ಪ ಅಂಥ ಪುಟದ ಮೇಲೆ ಉದ್ದಕ್ಕೊಂದು ಗೆರೆ ಎಳೆದು ಬಿಡುತ್ತಿದ್ದರು. ಅದರ ಬಗ್ಗೆ ಯಾರ ಹತ್ತಿರವೂ ಆಡುತ್ತಿರಲಿಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ಆ ಕಾಲವೇ ಚೆನ್ನಾಗಿತ್ತು ಎಂದ ಹಾಗಾಗುತ್ತದೆ. ಆದರೆ ಅದೇ ಅಂಗಡಿಯ ಕಟ್ಟೆಯ ಕೆಳಗೆ ನಿಂತು, ಮೊದಲು ದುಡ್ಡನ್ನು ಕಲ್ಲಿನ ಮೇಲಿಟ್ಟು, ಆಮೇಲೆ ಸಾಮಾನು ತೆಗೆದುಕೊಳ್ಳುತ್ತಿದ್ದವರೂ ಇದ್ದರು. ಊರಾಚೆಯ ಕೇರಿಯಿಂದ ಬರುತ್ತಿದ್ದ ಕೂಲಿಯವರು. ಅವರಿಗೆ ಬುಕ್ಕಿನಲ್ಲಿ ಪುಟವಿರಲಿಲ್ಲ. ತೋಟ ಇಲ್ಲದವರನ್ನು ಯಾವ ಆಧಾರದ ಮೇಲೆ ನಂಬುವುದು ಎಂಬುದು ಅಪ್ಪನ ಸಮಜಾಯಿಷಿ. ತೋಟವಷ್ಟೇ ಕಾರಣವಾಗಿರಲಿಲ್ಲ, ಜಾತಿಯೂ ಇತ್ತು ಎಂಬುದು ನನಗೆ ಆಗಲೇ ಗೊತ್ತಾಗುತ್ತಿತ್ತು. ಹಣೆಯ ಮೇಲೆ ವಿಭೂತಿ ಧರಿಸಿ, ದಿನವೂ ಬಸವಣ್ಣನವರ ಹೆಸರು ಹೇಳಿ ಅಂಗಡಿ ಬಾಗಿಲು ತೆಗೆಯುತ್ತಿದ್ದ ಮನೆಯಲ್ಲಿ ಅದು ನಡೆಯುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆದರೂ ಬರೆಯಬೇಕು, ಯಾಕೆಂದರೆ ಮುಂಗಡ ಕಾರ್ಡಿನ ವಿಚಾರದಲ್ಲಿ ನ್ಯಾಯವಾಗಿ ಮಾತಾಡಬೇಕಾದರೆ ಆ ಕಲ್ಲಿನ ಮೇಲಿನ ದುಡ್ಡನ್ನು ಮರೆಯುವಂತಿಲ್ಲ. ಊರಿನಲ್ಲಿ ಮುಂಗಡ ಕೊಟ್ಟು ಕೊಳ್ಳುವವರು ಮೊದಲಿಂದಲೂ ಇದ್ದರು. ಯಾರನ್ನು ಊರು ನಂಬುತ್ತಿರಲಿಲ್ಲವೋ ಅವರು.

ಕಾರ್ಡಿಗೆ ಅಂಥ ಕಣ್ಣಿಲ್ಲ. ಅದು ಯಾರ ಮಗ, ಯಾವ ಕೇರಿ ಎಂದು ಕೇಳುವುದಿಲ್ಲ. ಒಳಗೆ ದುಡ್ಡು ಇದ್ದರೆ ಗೇಟು ತೆರೆಯುತ್ತದೆ, ಇಲ್ಲದಿದ್ದರೆ ಮಂತ್ರಿಯ ಮಗನಿಗೂ ತೆರೆಯುವುದಿಲ್ಲ. ಎಲ್ಲರೂ ಮೊದಲು ದುಡ್ಡಿಡಬೇಕು, ಎಲ್ಲರೂ ಸಮ. ಈ ಸಮತೆ ಸಣ್ಣದಲ್ಲ. ನಮ್ಮ ಅಕ್ಕನ ಮಗಳು ಜಪಾನಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ 2001ರಲ್ಲಿ ರೈಲ್ವೆಯ ಸುಯಿಕಾ ಕಾರ್ಡು ಬಂತು. 2007ರಲ್ಲಿ ಸೆವೆನ್-ಇಲೆವೆನ್ ಅಂಗಡಿಗಳು ತಮ್ಮದೇ ನಾನಾಕೊ ಎಂಬ ಮುಂಗಡ ಕಾರ್ಡು ತಂದವು. ರಾತ್ರಿ ಹನ್ನೆರಡಕ್ಕೂ ತೆರೆದಿರುವ ಆ ಅಂಗಡಿಗಳಲ್ಲಿ ಅನ್ನದ ಉಂಡೆಯಿಂದ ಛತ್ರಿಯವರೆಗೆ ಎಲ್ಲವನ್ನೂ ಕಾರ್ಡು ಮುಟ್ಟಿಸಿ ತೆಗೆದುಕೊಳ್ಳುತ್ತಾರಂತೆ. "ಚಿಕ್ಕಮ್ಮ, ನನ್ನ ಹೆಸರು ಅವರಿಗೆ ಗೊತ್ತಿಲ್ಲ, ಭಾಷೆಯೂ ನನಗೆ ಪೂರ್ತಿ ಬರಲ್ಲ. ಆದ್ರೂ ಪ್ರತಿ ಸಲ ತಲೆಬಾಗಿ ನಮಸ್ಕಾರ ಮಾಡ್ತಾರೆ. ಪರದೇಶದವಳು ಅಂತ ಯಾರೂ ಅನುಮಾನದಿಂದ ನೋಡಲ್ಲ" ಎಂದು ಹೇಳಿದಳು. ಪರಿಚಯವೂ ಇಲ್ಲದೆ, ಸಾಲವೂ ಇಲ್ಲದೆ ಮರ್ಯಾದೆ ಉಳಿಯಬಹುದು ಎಂಬುದು ನನಗೆ ಹೊಸ ವಿಷಯವಾಗಿತ್ತು. ಅಪ್ಪನ ಕಟ್ಟೆಯ ಕೆಳಗೆ ನಿಂತವರಿಗೆ ಅಷ್ಟಾದರೂ ಸಿಕ್ಕಿದ್ದರೆ ಎಂದು ಅನ್ನಿಸಿತು.

ಹಾಗಾದರೆ ಮಗನ ಮಾತೇ ಸರಿಯಲ್ಲವೇ? ಅಪ್ಪನ ಬುಕ್ಕು ಕೆಲವರನ್ನು ಮಾತ್ರ ನಂಬಿತು. ಕಾರ್ಡು ಯಾರನ್ನೂ ನಂಬುವುದಿಲ್ಲ, ಹಾಗಾಗಿ ಯಾರಿಗೂ ಅವಮಾನವಿಲ್ಲ. ನಾನು ಇಲ್ಲಿ ಬಹಳ ದಿನ ನಿಂತೆ. ಯಾರನ್ನೂ ನಂಬದೆ ಸಿಕ್ಕುವ ಸಮತೆಗೆ ತೃಪ್ತರಾಗಬೇಕೋ, ಎಲ್ಲರನ್ನೂ ನಂಬುವ ಸಮತೆಯೊಂದು ಸಾಧ್ಯವಿದೆಯೋ?

ಮೊದಲು ಒಂದು ಮಾತು: ಕಾರ್ಡಿನ ವ್ಯವಹಾರದಲ್ಲಿ ನಂಬಿಕೆಯೇ ಇಲ್ಲ ಎಂದು ತಿಳಿಯುವುದು ತಪ್ಪು. ಮಗ ನನಗೆ ಅದರ ಒಳಗನ್ನು ಬಿಡಿಸಿ ಹೇಳಿದ್ದಾನೆ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಒಳಗೆ ಒಂದು ಚಿಪ್ಪು, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಂತಿಯ ಸುರುಳಿ. ಮಷಿನ್ನಿನ ಹತ್ತಿರ, ಕೆಲವೇ ಸೆಂಟಿಮೀಟರ್ ದೂರಕ್ಕೆ ಬಂದಾಗ ಮಷಿನ್ನಿನಿಂದಲೇ ಅದಕ್ಕೆ ಶಕ್ತಿ ಬಂದು ಚಿಪ್ಪು ಎಚ್ಚರವಾಗುತ್ತದೆ. ಬ್ಯಾಂಕು ಅದರೊಳಗೆ ಇಟ್ಟ ಗುಪ್ತ ಕೀಲಿಯಿಂದ ತಾನು ಅಸಲಿ ಎಂದು ಸಾಬೀತು ಮಾಡುತ್ತದೆ, ತನ್ನಲ್ಲಿರುವ ದುಡ್ಡಿನಲ್ಲಿ ಕೊಡಬೇಕಾದಷ್ಟನ್ನು ಕಳೆದುಕೊಳ್ಳುತ್ತದೆ. ಆ ಕ್ಷಣಕ್ಕೆ ಬ್ಯಾಂಕಿಗೆ ಏನೂ ತಿಳಿದಿರುವುದಿಲ್ಲ. ಮಷಿನ್ ಆಮೇಲೆ ಲೆಕ್ಕ ಒಪ್ಪಿಸುತ್ತದೆ, ದುಡ್ಡು ಆಮೇಲೆ ಬರುತ್ತದೆ. ಅಂದರೆ ಅಂಗಡಿಯವಳು ಬೇಳೆ ಕೊಟ್ಟಾಗ ಅವಳ ಕೈಗೆ ಬಂದಿರುವುದು ಒಂದು ಮಾತು ಮಾತ್ರ. ಗಿರಾಕಿಯ ಮಾತಲ್ಲ, ಬ್ಯಾಂಕಿನ ಮಾತು. ಗಿರಾಕಿಯೂ ಅಷ್ಟೇ, ತಾನು ಎಂದೂ ನೋಡದ ಒಂದು ಸಂಸ್ಥೆಯ ಕೈಗೆ ಮೊದಲೇ ದುಡ್ಡು ಹಾಕಿದ್ದಾನೆ. ಹಾಗೆ ಹಾಕಿದ ದುಡ್ಡಿಗೆ ಬಡ್ಡಿ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಕಾರ್ಡು ಕಳೆದುಹೋದರೆ ಚಿಪ್ಪಿನೊಳಗಿನ ದುಡ್ಡು, ಬೀದಿಯಲ್ಲಿ ಬಿದ್ದ ನೋಟಿನ ಹಾಗೆ, ಸಿಕ್ಕವರ ಪಾಲು. ಹಾಗಾಗಿ ಮೊದಲ ನಂಬಿಕೆಯ ಹೊರೆ ಇಲ್ಲಿ ಇಳಿದಿಲ್ಲ. ಅದು ಹೆಚ್ಚು ಇರುವವರಿಂದ ಕಡಿಮೆ ಇರುವವರ ಹೆಗಲಿಗೆ ಬಂದಿದೆ. ಕೂಲಿಯವನು ದೊಡ್ಡ ಸಂಸ್ಥೆಯನ್ನು ಮೊದಲು ನಂಬಬೇಕು, ಸಂಸ್ಥೆ ಕೂಲಿಯವನನ್ನು ನಂಬಬೇಕಾಗಿಲ್ಲ.

ದೂರದವರ ಮೇಲಿನ ಈ ನಂಬಿಕೆ ಎಷ್ಟು ಬೇಗ ಅಲುಗಾಡುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಕಂಡೆವು. ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಹೋದಾಗ ರಾಜ್ಯದ ಎಷ್ಟೋ ಅಂಗಡಿಗಳು ಕ್ಯೂಆರ್ ಹಾಳೆ ಮಡಚಿಟ್ಟು 'ನಗದು ಮಾತ್ರ' ಎಂದು ಬರೆದು ತೂಗುಹಾಕಿದವು. ಮುಖ್ಯಮಂತ್ರಿ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ತಣ್ಣಗಾಯಿತು. ತೆರಿಗೆ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಅಂಗಡಿಯವರ ಮುಖದಲ್ಲಿ ಆ ವಾರ ಕಂಡ ದಿಗಿಲಿನ ಬಗ್ಗೆ.

ಮೊದಲ ನಂಬಿಕೆ ಯಾರ ಕರ್ತವ್ಯ ಎಂಬ ಪ್ರಶ್ನೆಗೆ ಮರಳುತ್ತೇನೆ. ತೈತ್ತಿರೀಯ ಸಂಹಿತೆಯಲ್ಲಿ ಒಂದು ಮಾತಿದೆಯಂತೆ: ಬ್ರಾಹ್ಮಣ ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ ಎಂದು. ನಮ್ಮ ಜನ ಅದನ್ನು ಎಲ್ಲ ಮನುಷ್ಯರಿಗೂ ಸೇರಿಸಿಕೊಂಡು ಮಾತಾಡುತ್ತಾರೆ. ಕಲಿಸಿದವರದು, ಉಣಿಸಿದವರದು, ಹೆತ್ತವರದು. ಈ ಸಾಲಗಳಲ್ಲಿ ಒಂದನ್ನಾದರೂ ಮುಂಗಡ ಕಟ್ಟಲು ಬರುತ್ತದೆಯೇ? ಯಾವ ಕೂಸೂ ದುಡ್ಡು ತುಂಬಿಸಿಕೊಂಡು ಬಂದು ಮೊಲೆಹಾಲು ಕುಡಿದಿಲ್ಲ. ಯಾರೋ ನಮ್ಮನ್ನು ಮೊದಲು ನಂಬಿದ್ದರಿಂದಲೇ ನಾವು ಬದುಕಿದ್ದೇವೆ. ಆದ್ದರಿಂದ ಮೊದಲ ನಂಬಿಕೆ ಇರುವವರ ಕರ್ತವ್ಯ ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಹಾಗೆ ನಡೆದುಕೊಂಡ ಜಾಗ ನನ್ನ ಅಂಗಡಿಯಿಂದ ದೂರವಿಲ್ಲ. ಕ್ಯಾತಸಂದ್ರ ದಾಟಿದರೆ ಸಿದ್ಧಗಂಗೆಯ ಮಠ. 1941ರಲ್ಲಿ ಉದ್ದಾನ ಶಿವಯೋಗಿಗಳ ನಂತರ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, ನೂರಾ ಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯ ಮೂರನ್ನೂ ಕೊಟ್ಟರು. ಹತ್ತು ಸಾವಿರದಷ್ಟು ಮಕ್ಕಳು ಅಲ್ಲಿ ಉಂಡು ಓದುತ್ತಾರೆ. ಜಾತಿ, ಮತ ಕೇಳದೆ ಒಂದೇ ಪಂಕ್ತಿ. ಮೊದಮೊದಲು ಸ್ವಾಮಿಗಳೇ ಹಳ್ಳಿ ಹಳ್ಳಿಗೆ ಹೋಗಿ ರಾಗಿ, ಕಾಳು ಭಿಕ್ಷೆ ಎತ್ತಿ ತರುತ್ತಿದ್ದರು. ಈಗಲೂ ರೈತರು ಬೆಳೆ ಬಂದಾಗ ತಾವೇ ತಂದು ಹಾಕುತ್ತಾರೆ. ಅಲ್ಲಿ ಉಂಡ ಮಗುವಿನ ಹೆಸರಿನಲ್ಲಿ ಬಾಕಿ ಬರೆಯುವ ಪುಸ್ತಕವಿಲ್ಲ. ಉಣ್ಣುವ ಮೊದಲು ಏನೂ ತೋರಿಸಬೇಕಾಗಿಲ್ಲ, ಉಂಡ ಮೇಲೆ ಏನೂ ತೀರಿಸಬೇಕಾಗಿಲ್ಲ. ಎಲ್ಲರನ್ನೂ ನಂಬುವ ಸಮತೆ ಎಂದು ನಾನು ಕೇಳಿದೆನಲ್ಲ, ಅದು ನಮ್ಮೂರಿನಲ್ಲೇ ಕಣ್ಣೆದುರು ನಡೆಯುತ್ತಿದೆ. ದಾಸೋಹವನ್ನು ದಾನಕ್ಕಿಂತ ಬೇರೆಯಾಗಿ ಶರಣರು ಕಂಡದ್ದು ಇದಕ್ಕೇ. ದಾನದಲ್ಲಿ ಕೊಟ್ಟೆನೆಂಬ ಹಮ್ಮು ಉಳಿಯಬಹುದು. ದಾಸೋಹದಲ್ಲಿ ಬಡಿಸುವವನೇ ದಾಸ.

ನಮ್ಮ ಸೀಮೆಯ ನೆಲವೇ ಈ ವಿಚಾರದ ನೆಲ. ಗುಬ್ಬಿಯಲ್ಲಿ ಗೋಸಲ ಚನ್ನಬಸವೇಶ್ವರರು, ಅವರ ಶಿಷ್ಯ ತೋಂಟದ ಸಿದ್ಧಲಿಂಗರು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ಕುಣಿಗಲ್ ರಸ್ತೆಯಲ್ಲೇ ಸಿಕ್ಕುವ ಗೂಳೂರಿನ ಹೆಸರು ಹೊತ್ತ ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಕೊನೆಯವರು. ಅದರಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ ನಮಗೆಲ್ಲ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು.

ಲಕ್ಕಮ್ಮ ನನಗೆ ನೆನಪಾದದ್ದು ಒಂದು ಮಿತಿಯನ್ನು ಕೇಳಿದಾಗ. 2022ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನೆಟ್‌ವರ್ಕ್ ಇಲ್ಲದೆ ನಡೆಯುವ ಪಾವತಿಗೆ ಒಂದು ಸಲಕ್ಕೆ 200 ರೂಪಾಯಿ, ಒಟ್ಟು 2000 ರೂಪಾಯಿ ಎಂದು ಗೆರೆ ಹಾಕಿತು. ಆಮೇಲೆ ಕೆಲವಕ್ಕೆ ಅದನ್ನು ಏರಿಸಿದ್ದಾರೆ. ಯುಪಿಐ ಲೈಟಿಗೆ ಈಗ ಸಲಕ್ಕೆ 1000, ಒಟ್ಟು 5000. ಕಳವಾದರೆ ನಷ್ಟ ದೊಡ್ಡದಾಗಬಾರದು ಎಂಬುದು ಅವರ ಕಾರಣ. ಲಕ್ಕಮ್ಮನ ಕಾರಣ ಬೇರೆ: ನಾಳೆಗೆಂದು ಕೂಡಿಟ್ಟರೆ ನಾಳೆ ಕೊಡುವವನ ಮೇಲೆ ನಂಬಿಕೆ ಇಲ್ಲವೆಂದಾಯಿತು. ಆದರೆ ಮಿತಿಯೊಳಗಿನ ನಂಬಿಕೆ ಎಂಬುದು ನನ್ನ ಕೈಗೆ ಸಿಕ್ಕಿದ್ದು ಅಲ್ಲಿಂದ. ಅಂಗಡಿ ಮಠವಲ್ಲ. ನಾನು ಮಂಡಿಪೇಟೆಗೆ ದುಡ್ಡು ಕಟ್ಟಬೇಕು, ಬಾಡಿಗೆ ಕಟ್ಟಬೇಕು. ಎಲ್ಲರಿಗೂ ಎಲ್ಲವನ್ನೂ ಕೊಟ್ಟು ಕೂರಲಾರೆ. ಆದರೆ ಎಲ್ಲರಿಗೂ ಒಂದಿಷ್ಟನ್ನು, ಕೇಳದೆ, ನೋಡದೆ ಮೊದಲು ಕೊಡಬಲ್ಲೆ.

ಹಾಗಾಗಿ ಈಗ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನಮ್ಮ ಬೀದಿಯವರಿರಲಿ, ಹಿಂದಿನ ಶೀಟಿನ ಮನೆಗಳಲ್ಲಿ ಬಾಡಿಗೆಗಿರುವ ರಾಯಚೂರು ಕಡೆಯ ಗಾರೆ ಕೆಲಸದವರಿರಲಿ, ಬಿಹಾರದ ಹುಡುಗರಿರಲಿ, 500 ರೂಪಾಯಿವರೆಗೆ ಬರೆದುಕೊಡುತ್ತೇನೆ. ಯಾರ ಕಡೆಯವರು, ಎಲ್ಲಿ ಕೆಲಸ ಎಂದು ಕೇಳುವುದಿಲ್ಲ. ತೋಟ ಇರುವವರಿಗೂ ಅಷ್ಟೇ, ಇಲ್ಲದವರಿಗೂ ಅಷ್ಟೇ. ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾದ ದಿನ ಎಷ್ಟೋ ಹೆಂಗಸರು ತಾವೇ ಬಂದು ತೀರಿಸುತ್ತಾರೆ. ಅವರ ಹೆಸರಿಗೇ ದುಡ್ಡು ಬರುತ್ತಿರುವುದರಿಂದ, ಗಂಡನ ಸಂಬಳದ ದಿನ ಕಾಯುತ್ತಿದ್ದವರು ಈಗ ತಲೆಯೆತ್ತಿ ಲೆಕ್ಕ ಕೇಳುತ್ತಾರೆ, ತಪ್ಪಿದ್ದರೆ ತಿದ್ದಿಸುತ್ತಾರೆ. ನನಗೆ ಅದು ಬಹಳ ಇಷ್ಟ. ತೀರಿಸದೆ ಹೋದವರೂ ಇದ್ದಾರೆ. 500ರ ಮಿತಿ ಇರುವುದರಿಂದ ಆ ನಷ್ಟ ನನ್ನನ್ನು ಮುಳುಗಿಸುವುದಿಲ್ಲ.

ಮುಳುಗಿಸುವುದು ಬೇರೆಯದು. ಗಾರೆ ಕೆಲಸದ ಒಬ್ಬ ಹುಡುಗ, ಮೊದಲು ದಿನಾ ಬರುತ್ತಿದ್ದವನು, ಕೆಲಸ ನಿಂತು ಬಾಕಿ ಉಳಿದ ಮೇಲೆ ನಮ್ಮ ಅಂಗಡಿಯ ಮುಂದೆ ಓಡಾಡುವುದನ್ನೇ ಬಿಟ್ಟ. ಸುತ್ತಿ ಹಿಂದಿನ ರಸ್ತೆಯಿಂದ ಹೋಗುತ್ತಾನೆ, ದೂರದ ಅಂಗಡಿಯಲ್ಲಿ ಫೋನಿನಿಂದ ದುಡ್ಡು ಕೊಟ್ಟು ಕೊಳ್ಳುತ್ತಾನೆ. ಅವನ ತಾಯಿ ಸಿಕ್ಕಾಗ "ಅವ್ನಿಗೆ ನಾಚ್ಕಿ ಆಗೇತ್ರಿ ಅಕ್ಕಾ" ಎಂದಳು. ಇದಕ್ಕೆ ನನ್ನ ವಿಚಾರದಲ್ಲಿ ಉತ್ತರವಿರಲಿಲ್ಲ. ಮೊದಲು ನಂಬುವುದು ಇರುವವರ ಕರ್ತವ್ಯ ಎಂದು ನಾನೆಂದುಕೊಂಡೆ. ಆದರೆ ನಂಬಿಸಿಕೊಂಡವನ ಎದೆಯ ಮೇಲೆ ಆ ನಂಬಿಕೆ ಕೂರುತ್ತದೆ. ಸಿದ್ಧಗಂಗೆಯಲ್ಲಿ ಉಂಡ ಮಗುವಿಗೆ ಆ ಭಾರವಿಲ್ಲ. ಕಾರ್ಡು ಮುಟ್ಟಿಸಿದವನಿಗೂ ಇಲ್ಲ. ನನ್ನ ಬುಕ್ಕಿನಲ್ಲಿ ಹೆಸರಿರುವವನಿಗೆ ಇದೆ.

ಅಪ್ಪನ ಹಾಗೆ ಆ ಪುಟಕ್ಕೊಂದು ಗೆರೆ ಎಳೆದುಬಿಡೋಣವೆಂದು ಪೆನ್ನು ತೆಗೆದುಕೊಂಡಿದ್ದೆ. ಮಗ ತಡೆದ. "ಬೇಡಮ್ಮ. ಈಗ ಅವನು ನಿನಗೆ ದುಡ್ಡು ಕೊಡಬೇಕಾದವನು. ಅವನನ್ನ ಕೇಳದೆ ಗೆರೆ ಎಳೆದರೆ ನಿನ್ನ ಹತ್ರ ಬೇಡಿ ತಗೊಂಡವನು ಆಗ್ತಾನೆ" ಎಂದ. ಕಾರ್ಡಿನ ಪರವಾಗಿ ಮಾತಾಡುವ ನನ್ನ ಮಗನ ಬಾಯಲ್ಲಿ ಈ ಮಾತು ಬಂತು. ತೀರಿಸುವ ಹಕ್ಕನ್ನು ಕಿತ್ತುಕೊಳ್ಳುವುದೂ ಒಂದು ಅಪನಂಬಿಕೆಯೇ ಎಂಬುದು ನನಗೆ ಹೊಳೆದಿರಲಿಲ್ಲ. ತೀರಿಹೋದವರ ಪುಟಕ್ಕೆ ಗೆರೆ ಎಳೆಯಬಹುದು, ಬದುಕಿರುವವನ ಪುಟಕ್ಕೆ ಅವನ ಒಪ್ಪಿಗೆ ಬೇಕು.

ಮಗನ ಮಷಿನ್ನಿಗೆ ನಾನು ಒಪ್ಪಿದ್ದೇನೆ. ಬರಲಿ. ಬಾಕಿ ಬರೆಸಲು ಸಂಕೋಚಪಡುವವರಿಗೆ, ತಮ್ಮ ಹೆಸರು ಯಾರಿಗೂ ತಿಳಿಯುವುದು ಬೇಡವೆನ್ನುವವರಿಗೆ ಅದು ಇರಬೇಕು. ಬುಕ್ಕನ್ನು ತೆಗೆಯುವುದಿಲ್ಲ ಎಂದೂ ಹೇಳಿದ್ದೇನೆ. ಆ ಹುಡುಗನ ತಾಯಿ ಮೊನ್ನೆ ಹಾಲಿಗೆ ಬಂದಾಗ ಹೇಳಿ ಕಳಿಸಿದೆ: "ಹಳೇದರ ಮಾತು ನಾನು ಎತ್ತಲ್ಲ. ಅವನೇ ಎತ್ತಿದ್ರೆ ಬೇಡ ಅನ್ನಲ್ಲ. ಸೋಮವಾರ ತೊಗರಿಬೇಳೆ ಹೊಸ ಮೂಟೆ ಬರ್ತದೆ, ಬಂದು ತಗೊಂಡು ಹೋಗೋಕೆ ಹೇಳಮ್ಮ."